ತೊಳೆದರೂ ಹೋಗದ ಔಷಧಿ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ನಸ್ಯದ್ದೂ ಅಲ್ಲ. ಅವೆರಡೂ ಇವೆ, ಆದರೆ ಅವನ್ನು ಚಟವೆಂದು ನಾನು ಒಪ್ಪಿಕೊಂಡಿಲ್ಲ. ಯಾರಾದರೂ ಔಷಧಿ ಕೊಟ್ಟರೆ ಕುಡಿಯುವ ಮುಂಚೆ ಅದರಲ್ಲಿ ಒಂದೆಳೆ ಬಿಳಿ ನೂಲು ಅದ್ದುತ್ತೇನೆ. ಆಮೇಲೆ ಅದನ್ನು ತೊಳೆದು, ಬೆಳಕಿಗೆ ಹಿಡಿದು, ಮೇಲೆ ಎರಡು ಹನಿ ಲಿಂಬೆರಸ ಹಿಂಡುತ್ತೇನೆ. ನೂಲು ತನ್ನ ಪಾಡಿಗೆ ತಾನು ಬೆಳ್ಳಗೆ ಉಳಿದರೆ ಮಾತ್ರ ಔಷಧಿ ನನ್ನ ಹೊಟ್ಟೆಗೆ ಹೋಗುತ್ತದೆ. ಇಲ್ಲವಾದರೆ ಅದು ಅಂಗಳಕ್ಕೆ, ನಾನು ಶುಂಠಿ ಕಷಾಯಕ್ಕೆ.

ಹೋದ ತಿಂಗಳು ಕೆಮ್ಮು ಬಂದು ಬಾಗಲಕೋಟೆಯ ಡಾಕ್ಟರರ ಹತ್ತಿರ ಹೋಗಿದ್ದೆ. ಹುಡುಗ ವಯಸ್ಸಿನವರು, ಒಳ್ಳೆಯವರು. ಅವರ ಎದುರಿಗೇ ಜೇಬಿನಿಂದ ನೂಲು ತೆಗೆದದ್ದು ನನ್ನ ತಪ್ಪು.

"ಅಜ್ಜಾರ, ಅದು ಕೆಮ್ಮಿನ ಔಷಧ. ನೇಯಾಕ ಕೊಟ್ಟಿಲ್ಲ ನಾವು" ಅಂದರು.

"ಗೊತ್ತೈತ್ರಿ. ಒಮ್ಮೆ ನೇಯೋದನ್ನ ತಂದು ಕುಡಿಸೀನಿ, ಅದಕ್ಕ ನೋಡ್ತೇನಿ" ಅಂದೆ.

ಅವರಿಗೆ ಅದು ತಿಳಿಯಲಿಲ್ಲ. ಹೊರಗೆ ಇನ್ನೂ ಹತ್ತು ಜನ ಕೆಮ್ಮುತ್ತಿದ್ದುದರಿಂದ ಅವರು ಕೇಳಲೂ ಇಲ್ಲ. ನಿಮಗಾದರೂ ಹೇಳುತ್ತೇನೆ. ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ, ಈಗ ನಾನೇ ನಗುತ್ತೇನೆ.

ನಾನು ಇಳಕಲ್ಲಿನ ಬಣ್ಣಗಾರ. ನೇಕಾರರು ತಂದುಕೊಟ್ಟ ನೂಲಿಗೆ ಬಣ್ಣ ಹಾಕಿಕೊಡುವುದು ನಮ್ಮ ಮನೆತನದ ಕಸುಬು. ನಮ್ಮೂರ ಸೀರೆ ಉಟ್ಟವರಿಗೆ ಗೊತ್ತಿದೆ, ಒಡಲು ಯಾವ ಬಣ್ಣದ್ದಾದರೂ ಇರಲಿ, ಸೆರಗು ಮಾತ್ರ ಕೆಂಪು. ಆ ಕೆಂಪು ನಮ್ಮ ಕೊಪ್ಪರಿಗೆಯದು. ಮೊಳಕೈವರೆಗೆ ನನ್ನ ಕೈ ಸದಾ ಕೆಂಪಾಗಿರುತ್ತಿತ್ತು. ಹೆಣ್ಣು ನೋಡಲು ಶಿರೂರಿಗೆ ಹೋದಾಗ, ಬಾಗಿಲ ಹಿಂದೆ ನಿಂತಿದ್ದ ಹುಡುಗಿ ತನ್ನ ತಾಯಿಗೆ "ಕೈ ತೊಳಕೊಂಡು ಬರಾಕ ಹೇಳವ್ವ ಅವರಿಗೆ" ಅಂದದ್ದು ನನಗೆ ಕೇಳಿಸಿತು. ಎದ್ದು ಹೋಗಿ ಬಚ್ಚಲಲ್ಲಿ ತೊಳೆದುಕೊಂಡು ಬಂದೆ. ಕೈ ಹಾಗೆಯೇ ಇತ್ತು. ಬಾಗಿಲ ಹಿಂದೆ ನಗು ಕೇಳಿಸಿತು. ಹುಡುಗಿಯ ಹೆಸರು ನೀಲವ್ವ. ಮದುವೆ ಆಯಿತು. ನಕ್ಕವಳನ್ನೇ ಮಾಡಿಕೊಂಡೆ ಎಂಬುದು ನನಗೆ ಇಂದಿಗೂ ಹೆಮ್ಮೆಯ ಮಾತು.

ನನ್ನ ಅಜ್ಜ ಬಣ್ಣವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ನಾಲಿಗೆಯಿಂದ ನೋಡುತ್ತಿದ್ದ. ಆಗ ಕೆಂಪು ಬರುತ್ತಿದ್ದುದು ಬೇರಿನಿಂದ, ಅರಗಿನಿಂದ. ಕುದಿಸುವುದು, ಕೊಳೆಸುವುದು, ಮತ್ತೆ ಕುದಿಸುವುದು. ಓಣಿಯ ತುಂಬ ವಾಸನೆ. ಅಜ್ಜ ಬೆಳಿಗ್ಗೆ ಎದ್ದು ಕೊಪ್ಪರಿಗೆಯಲ್ಲಿ ತೋರುಬೆರಳು ಅದ್ದಿ, ನೆಕ್ಕಿ, ಕಣ್ಣು ಮುಚ್ಚಿ, "ಇನ್ನೂ ಎರಡು ದಿನ" ಅನ್ನುತ್ತಿದ್ದ. ನಾನೂ ಅವನ ಹಿಂದೆಯೇ ಹೋಗಿ, ನೆಕ್ಕಿ, "ಇನ್ನೂ ಎರಡು ದಿನ" ಅನ್ನುತ್ತಿದ್ದೆ. ರುಚಿ ಹೇಗಿತ್ತು ಎಂದು ಕೇಳಬೇಡಿ. ಅಜ್ಜ ತೊಂಬತ್ತರವರೆಗೆ ಬದುಕಿದ, ಅಷ್ಟು ಹೇಳಬಲ್ಲೆ.

ಆಮೇಲೆ ಡಬ್ಬಿ ಬಂತು. ಬಾಗಲಕೋಟೆಯಲ್ಲಿ ರೈಲಿನಿಂದ ಇಳಿದು, ಚಕ್ಕಡಿ ಏರಿ, ತಗಡಿನ ಡಬ್ಬಿಯಲ್ಲಿ ವಿಲಾಯತಿ ಪುಡಿ. ಒಂದು ಚಮಚ ಪುಡಿ, ಒಂದು ಹಿಡಿ ಉಪ್ಪು, ಬಿಸಿನೀರು. ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಕೆಂಪು ತಯಾರು. ಅಜ್ಜ ರೂಢಿಯಂತೆ ಬೆರಳು ಅದ್ದಿ ನೆಕ್ಕಿದ, ಉಗುಳಿದ, ಆವತ್ತಿನಿಂದ ಕೊಪ್ಪರಿಗೆಯ ಕಡೆ ಸುಳಿಯಲಿಲ್ಲ. ನನ್ನ ಅಪ್ಪ ನನ್ನನ್ನು ಕರೆದು ಎರಡು ಮಾತು ಹೇಳಿದ. "ಇದನ್ನ ನಾಲಗಿಗೆ ಹಚ್ಚಬ್ಯಾಡ. ಕೈ ತೊಳೀದ ರೊಟ್ಟಿ ಮುಟ್ಟಬ್ಯಾಡ." ಈ ಮಾತು ನಿಮಗೆ ನೆನಪಿರಲಿ. ನನಗೆ ಬೇಕಾದಾಗ ನೆನಪಾಗಲಿಲ್ಲ.

ಆ ಪುಡಿಗೆ ಇನ್ನೊಂದು ಗುಣವಿತ್ತು. ಎಷ್ಟು ತೊಳೆದರೂ ಕೆಂಪಾಗಿರುತ್ತಿದ್ದ ನೂಲಿಗೆ ಹುಳಿ ತಗಲಿದರೆ ಸಾಕು, ನೀಲಿಗೆ ತಿರುಗುತ್ತಿತ್ತು. ಲಿಂಬೆರಸ ಬಿದ್ದ ಸೆರಗಿನ ಮೇಲೆ ಮಸಿ ಚೆಲ್ಲಿದಂತೆ ಕಲೆ. ಸೀರೆ ಕೊಳ್ಳುವ ಹೆಂಗಸರಿಗೆ ಸೆರಗಿನಿಂದ ಕೈ ಒರೆಸಿಕೊಳ್ಳಬೇಡಿ ಎಂದು ಹೇಳುತ್ತಿದ್ದೆವು. ಅವರು ಹೂಂ ಅಂದು ಮನೆಗೆ ಹೋಗಿ ಸೆರಗಿನಿಂದಲೇ ಕೈ ಒರೆಸಿಕೊಳ್ಳುತ್ತಿದ್ದರು.

ನೀಲವ್ವನಿಗೆ ಮೊದಲನೆಯ ಹೆರಿಗೆ ಆದದ್ದು ನಮ್ಮ ಮನೆಯಲ್ಲೇ. ಹೆಣ್ಣು ಮಗು. ಮಗು ಗುಂಡಗಿತ್ತು, ತಾಯಿ ಮಾತ್ರ ಬಿಳಿಚಿಕೊಂಡಳು. ಎರಡು ತಿಂಗಳಾದರೂ ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಉಗುರು, ತುಟಿ, ಕಣ್ಣಿನ ಒಳಗೆ ಎಲ್ಲಿ ನೋಡಿದರೂ ಬಣ್ಣವಿಲ್ಲ. ಊರಿಗೆಲ್ಲ ಕೆಂಪು ಹಾಕುವವನ ಹೆಂಡತಿಯ ಮುಖದಲ್ಲೇ ಕೆಂಪಿಲ್ಲವೆಂದು ಜನ ಆಡಿಕೊಂಡರು. ಅದು ನನಗೆ ಹತ್ತಿತು. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗಿತ್ತು. ನಮ್ಮ ಓಣಿಯಲ್ಲಿ ಹೀಗೆಯೇ ಬಿಳಿಚಿಕೊಂಡು ಹೋದ ಬಾಣಂತಿಯರು ಇಬ್ಬರು ನನಗೆ ಗೊತ್ತಿದ್ದರು.

ಅಂಥ ಹೊತ್ತಿನಲ್ಲಿ ಬಜಾರಕ್ಕೆ ಅವನು ಬಂದ. ಕರಿ ಕೋಟು, ಜರಿ ಟೋಪಿ, ಅರ್ಧ ಮರಾಠಿ ಅರ್ಧ ಕನ್ನಡ. ಚಕ್ಕಡಿಯ ಮೇಲೆ ಹುಲ್ಲಿನಲ್ಲಿ ಹುದುಗಿಸಿದ ಬಾಟಲಿಗಳು. ಔಷಧಿಯ ಹೆಸರು ರುಧಿರರಾಜ. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಎಡಕ್ಕೆ ಒಬ್ಬ ಒಣಗಿದ ಮನುಷ್ಯ, ಬಲಕ್ಕೆ ಮೀಸೆ ತಿರುವಿದ ಪೈಲ್ವಾನ. ಇಬ್ಬರೂ ಒಬ್ಬನೇ, ನಡುವೆ ಎರಡು ಬಾಟಲಿಯ ಅಂತರ ಮಾತ್ರ ಎಂದು ಅವನು ವಿವರಿಸಿದ. ಊಟಕ್ಕೆ ಮುಂಚೆ ಎರಡು ಚಮಚ. ಬಿಳಿಚಿಕೊಂಡವರಿಗೆ, ಬಾಣಂತಿಯರಿಗೆ, ಮೊಣಕಾಲು ಹಿಡಿದವರಿಗೆ, ಸಾಲದ್ದಕ್ಕೆ ಮಾತು ಕೇಳದ ಮಕ್ಕಳಿಗೂ ಆಗುತ್ತದಂತೆ.

"ಬರೇ ರಕ್ತ ಅಲ್ರಿ ಇದು, ರಕ್ತದ ಅಪ್ಪ" ಎಂದು ಅವನು ಕೈ ಬೀಸಿದ. ಬೀಸಿದ ರಭಸಕ್ಕೆ ಕೈಯಲ್ಲಿದ್ದ ಬಾಟಲಿಯಿಂದ ನಾಲ್ಕು ಹನಿ ಹಾರಿ ನನ್ನ ಬಿಳಿ ಧೋತರದ ಮೇಲೆ ಬಿದ್ದವು.

ಬೇರೆ ಊರಿನಲ್ಲಾಗಿದ್ದರೆ ಜಗಳ ಆಗುತ್ತಿತ್ತು. ನಾನು ಜಗಳವಾಡದೆ ಧೋತರದ ಅಂಚು ಎತ್ತಿ ಆ ಕೆಂಪನ್ನೇ ನೋಡಿದೆ. ಚಲೋ ಕೆಂಪು. ಸುತ್ತ ನಿಂತ ನೇಕಾರರೂ ನೋಡಿದರು. ನಾನು ಮನೆಗೆ ಹೋಗಿ ತಣ್ಣೀರಿನಲ್ಲಿ ತೊಳೆದೆ, ಹೋಗಲಿಲ್ಲ. ಅಂಟುವಾಳ ಹಾಕಿ ತಿಕ್ಕಿದೆ, ಹೋಗಲಿಲ್ಲ. ಸವಳು ಮಣ್ಣಿನ ನೀರಲ್ಲಿ ಕುದಿಸಿದೆ, ಇನ್ನಷ್ಟು ಹೊಳೆಯಿತು. ಬಣ್ಣಗಾರರು ಇದರ ಮೇಲೆ ಮೂರು ದಿನ ಬಿಸಿಲು ನೋಡಬೇಕು, ಹುಳಿ ನೋಡಬೇಕು. ನಾನು ನೋಡಲಿಲ್ಲ. ಔಷಧಿಗೆ ಯಾರಾದರೂ ಲಿಂಬೆಹಣ್ಣು ಹಿಂಡುತ್ತಾರೆಯೇ?

ನೀವು ಬೇರೆ ಊರಿನವರು, ಬಟ್ಟೆಗೆ ಹತ್ತಿ ಬಿಡದ ಔಷಧಿಯನ್ನು ಕಂಡರೆ ಅನುಮಾನ ಪಡುತ್ತೀರಿ. ನಮಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಒಂದೇ: ಬಣ್ಣ ಬಿಟ್ಟರೆ ಖೊಟ್ಟಿ ಮಾಲು, ಬಿಡದಿದ್ದರೆ ಪಕ್ಕಾ ಮಾಲು. ಧೋತರಕ್ಕೇ ಇಷ್ಟು ಗಟ್ಟಿಯಾಗಿ ಹಿಡಿದದ್ದು ಮೈಗೆ ಎಷ್ಟು ಹಿಡಿಯಬೇಡ ಎಂದು ನಾನು ಯೋಚಿಸಿದೆ. ಇಂಥ ವಿಚಾರ ಮಾಡಲು ಮೂರು ತಲೆಮಾರಿನ ಅನುಭವ ಬೇಕು, ಹೊಸಬನಿಗೆ ಸಾಧ್ಯವಿಲ್ಲ. ಧೋತರ ಹಿಡಿದುಕೊಂಡು ಬಜಾರಕ್ಕೆ ವಾಪಸು ಹೋಗಿ, "ಸವಳು ನೀರಾಗ ಕುದಿಸೀನಿ. ಒಂದೆಳಿ ಬಿಟ್ಟಿಲ್ಲ" ಅಂದೆ.

ಅಷ್ಟೇ ಸಾಕಾಯಿತು. ನನ್ನ ತಂದೆಯ ಕಾಲದಿಂದ ನಮ್ಮ ಮನೆಯ ಮಾತಿಗೆ ನೇಕಾರರಲ್ಲಿ ಬೆಲೆಯಿತ್ತು. ನನ್ನ ಕೈಗೆ ಮೊದಲ ಬಾಟಲಿ ಬಂತು. ಅದನ್ನು ನೀಲವ್ವನಿಗೆ ಒಯ್ದು ಕೊಟ್ಟು ತಿರುಗಿ ಬರುವಷ್ಟರಲ್ಲಿ ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ರುಧಿರರಾಜ ಪ್ರತಿಷ್ಠಾಪನೆಗೊಂಡಿದ್ದ. ಮಾರುವವನಿಗೂ ನನ್ನ ಧೋತರದ ಮೇಲೆ ಪ್ರೀತಿ ಹುಟ್ಟಿ, ಅದನ್ನು ತನಗೆ ಕೊಡಬೇಕೆಂದು ಕೇಳಿಕೊಂಡ. ಕೊಟ್ಟೆ. ಮುಂದಿನ ಊರುಗಳಲ್ಲಿ ಅದನ್ನು ಕೋಲಿಗೆ ಕಟ್ಟಿ ತೋರಿಸುತ್ತಿದ್ದನೆಂದು ಆಮೇಲೆ ತಿಳಿಯಿತು.

ನಮ್ಮ ಓಣಿಯಲ್ಲಿ ಕೊಳ್ಳದವನು ಒಬ್ಬನೇ, ನೆರೆಮನೆಯ ಹುಸೇನಸಾಬ. ಅವರದು ನೀಲಿ ಹಾಕುವ ಮನೆತನ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಡಬ್ಬಿ ಪುಡಿಯನ್ನು ಕೊನೆಯವರೆಗೂ ಮುಟ್ಟಲಿಲ್ಲ.

"ಹಾಕಿದ ಕೂಡ್ಲೆ ಹತ್ತೋ ಬಣ್ಣಾನೇ ನಾ ನಂಬೂದಿಲ್ಲ. ಔಷಧ ಹೆಂಗ ನಂಬ್ಲಿ?" ಅಂದ.

"ನಿನಗ ಎಲ್ಲಾದರಾಗೂ ಸಂಶೆ" ಅಂದೆ.

"ಸಂಶೆಯಿಂದ ಯಾರಿಗೂ ವಾಂತಿ ಆಗೂದಿಲ್ಲ" ಅಂದ.

ನೀಲವ್ವ ದಿನಕ್ಕೆರಡು ಸಲ, ಎರಡೆರಡು ಚಮಚ ಕುಡಿದಳು. ಮೊದಲ ಕೆಲವು ದಿನ ಚಮಚ ನಾನೇ ಹಿಡಿದೆ. ತುಟಿ ಕೆಂಪಾಯಿತು, ನಾಲಿಗೆ ಕೆಂಪಾಯಿತು. ನಾನು ಹಿಗ್ಗಿದೆ. ಒಂದು ವಾರಕ್ಕೆ ಅವಳಿಗೆ ಉಂಡದ್ದು ನಿಲ್ಲದಾಯಿತು. ಹೊಟ್ಟೆ ಹಿಡಿದುಕೊಂಡು ಮಲಗಿದಳು. ಮೂತ್ರ ಕೆಂಪಗಿದೆ ಎಂದು ಹೆದರಿ ಹೇಳಿದಳು. ಮಾರುವವನು ಇದನ್ನೂ ಮೊದಲೇ ಹೇಳಿಟ್ಟಿದ್ದ: ಹೊಸ ರಕ್ತ ಹೆಚ್ಚಾಗಿ ಹೊರಗೆ ಬರುತ್ತದೆ, ಹೆದರಬಾರದು. ಬಾವಿಕಟ್ಟೆಯಲ್ಲಿ ಗಂಡಸರು ತಮಗೆಷ್ಟು ಹೆಚ್ಚಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬೀಗುತ್ತಿದ್ದರು. ಹಾಗಾಗಿ ನಾನೂ ನೀಲವ್ವನಿಗೆ ಧೈರ್ಯ ಹೇಳಿದೆ.

"ಕಹಿ ಐತ್ರಿ. ಕುಡಿದ ಕೂಡ್ಲೆ ಹೊಟ್ಟಿ ತಿರುವತೈತಿ" ಅಂದಳು.

"ಚಲೋ ಔಷಧ ಕಹೀನೇ ಇರತೈತಿ. ನಾ ಕುದಿಸಿ ನೋಡೀನಲ್ಲ."

ಅವಳು ನನ್ನ ಮುಖ ನೋಡಿ ಚಮಚ ಬಾಯಿಗೆ ಇಟ್ಟುಕೊಂಡಳು. ಆ ನೋಟದಲ್ಲಿ ಅನುಮಾನವಿರಲಿಲ್ಲ. ಅನುಮಾನ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನು ಊಟದ ವಿಷಯ. ನಮ್ಮ ಓಣಿಯ ಹಿರಿಯ ನೇಕಾರ ಸಂಗಪ್ಪಜ್ಜನ ಮೊಮ್ಮಗನಿಗೆ ಹುನಗುಂದದ ಹೆಣ್ಣು ಗೊತ್ತಾಗಿ, ಬೀಗರು ನಿಶ್ಚಯಕ್ಕೆ ಬಂದಿದ್ದರು. ಮಧ್ಯಾಹ್ನ ಅಂಗಳದಲ್ಲಿ ಎರಡು ಸಾಲು ಎಲೆ. ಒಂದು ಕಡೆ ಹುನಗುಂದದವರು, ಎದುರಿಗೆ ನಮ್ಮವರು. ನೀಲವ್ವ ಮೈಯಲ್ಲಿ ತ್ರಾಣವಿಲ್ಲವೆಂದು ಮಗುವಿನೊಂದಿಗೆ ಮನೆಯಲ್ಲೇ ಉಳಿದಿದ್ದಳು. ಊಟಕ್ಕೆ ಮುಂಚೆ ಎರಡು ಚಮಚ ಎಂಬ ನಿಯಮವಿತ್ತಲ್ಲ, ನನ್ನನ್ನೂ ಹುಸೇನಸಾಬನನ್ನೂ ಬಿಟ್ಟು ನಮ್ಮ ಸಾಲಿನವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಯಿ ಒರೆಸಿಕೊಂಡು ಬಂದು ಕುಳಿತರು. ಬೀಗರೆದುರು ಗಂಡಿನ ಕಡೆಯವರು ಆರೋಗ್ಯವಾಗಿ ಕಾಣಬೇಕೆಂದು ಸಂಗಪ್ಪಜ್ಜ ಆವತ್ತು ಮೂರು ಚಮಚ ಹಾಕಿಸಿದ್ದ. ಹುನಗುಂದದವರು ನಮ್ಮವರ ಕೆಂಪು ತುಟಿಗಳನ್ನು ನೋಡಿ, ಈ ಊರಿನವರು ಊಟಕ್ಕೆ ಮೊದಲೇ ಎಲೆ ಅಡಿಕೆ ಹಾಕುತ್ತಾರೆ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡರು.

ಚಿತ್ರಾನ್ನ ಬಂತು. ಲಿಂಬೆಹಣ್ಣಿನ ಚಿತ್ರಾನ್ನ, ಧಾರಾಳವಾಗಿ ಹಿಂಡಿದ್ದರು. ಪಕ್ಕದಲ್ಲಿ ಲಿಂಬೆ ಉಪ್ಪಿನಕಾಯಿ. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ಎದುರು ಸಾಲಿನಲ್ಲಿ ಮಾತು ನಿಂತದ್ದು ಕೇಳಿಸಿತು. ತಲೆ ಎತ್ತಿ ನೋಡಿದರೆ ಹುನಗುಂದದವರ ಕೈಗಳು ತುತ್ತು ಹಿಡಿದುಕೊಂಡೇ ನಿಂತಿದ್ದವು, ಎಲ್ಲರ ಕಣ್ಣು ನಮ್ಮ ಸಾಲಿನ ಮೇಲೆ. ಪಕ್ಕದಲ್ಲಿದ್ದ ಹುಸೇನಸಾಬ ಮೊಳಕೈಯಿಂದ ನನ್ನನ್ನು ತಿವಿದ.

"ಈರಪ್ಪಾ, ಇವರ ಬಾಯಾಗ ನನ್ನ ನೀಲಿ ಹೆಂಗ ಬಂತಲೇ?"

ಸಾಲಿನುದ್ದಕ್ಕೂ ನೋಡಿದೆ. ಸಂಗಪ್ಪಜ್ಜ ನಗುತ್ತಿದ್ದ, ಬಾಯಿಯ ತುಂಬ ಮಸಿ. ಮದುಮಗ ಬೀಗರತ್ತ ನೋಡಿ ನಾಚಿಕೊಂಡು ತುಟಿ ನೆಕ್ಕಿದ. ನಾಲಿಗೆ ನೀಲಿ, ತುಟಿ ನೀಲಿ, ಗದ್ದದ ಮೇಲೆ ಇಳಿದ ಉಪ್ಪಿನಕಾಯಿ ರಸವೂ ನೀಲಿ. ಹುನಗುಂದದ ಮುದುಕಿಯೊಬ್ಬಳು ಎದ್ದು ನಿಂತು, "ಹಾವಿನ ವಿಷ ಏರಿದವರ ಬಾಯಿ ಹಿಂಗ ಇರತಾವ. ಹುಡಿಗೀನ ಕೊಡೂದು ಬ್ಯಾಡ" ಅಂದಳು. ಗದ್ದಲವಾಯಿತು. ಒಬ್ಬರ ಬಾಯಿ ಒಬ್ಬರು ನೋಡಿ ಹೌಹಾರಿದರು, ಯಾರಿಗೂ ತಮ್ಮ ಬಾಯಿ ಕಾಣುತ್ತಿರಲಿಲ್ಲವಾದ್ದರಿಂದ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಅತ್ತರು.

ನನಗೆ ಮಾತ್ರ ಎಲ್ಲವೂ ಗೊತ್ತಾಗಿತ್ತು. ಹುಳಿಗೆ ನೀಲಿಯಾಗುವ ಕೆಂಪು ನಮ್ಮೂರಲ್ಲಿ ಒಂದೇ ಇತ್ತು. ಅದು ನನ್ನ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿತ್ತು. ಅದನ್ನು ಬೆಲ್ಲದ ನೀರಿನಲ್ಲಿ ಕದಡಿ, ಬೇವಿನ ಕಹಿ ಬೆರೆಸಿ, ಪೈಲ್ವಾನನ ಚಿತ್ರ ಅಂಟಿಸಿದ್ದ ಆ ಪುಣ್ಯಾತ್ಮ. ನಾಲಿಗೆಗೆ ಹಚ್ಚಬೇಡ ಎಂದು ಅಪ್ಪ ಹೇಳಿದ್ದ ಪುಡಿಯನ್ನು ನಾನು ಚಮಚದಿಂದ ಹೆಂಡತಿಗೆ ಕುಡಿಸಿದ್ದೆ.

ಆ ಟೋಪಿಯವನಿಗೆ ಏನಾಯಿತೆಂದು ನೀವು ಕೇಳುತ್ತೀರಿ. ಈಗಲೇ ಹೇಳಿ ಮುಗಿಸುತ್ತೇನೆ, ಹೇಳುವುದು ಹೆಚ್ಚೇನೂ ಇಲ್ಲ. ಅವನು ಅಷ್ಟರಲ್ಲಿ ಬಾದಾಮಿ ದಾಟಿ ಮಹಾಕೂಟದಲ್ಲಿ ಯಾತ್ರಿಕರಿಗೆ ಮಾರುತ್ತಿದ್ದಾನೆಂದು ಸುದ್ದಿ ಬಂತು. ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಹುಲ್ಲು ಮಾತ್ರ. ನಾನು ಒಂದು ದಿನ ತಾಲೂಕಿನ ಊರಿಗೆ ಹೋಗಿ, ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುವ ಒಬ್ಬ ಮುದುಕನ ಎದುರು ಕುಳಿತೆ. ಅವನು ಲೇಖನಿ ಅದ್ದಿಕೊಂಡು ಕೇಳಿದ.

"ಬಾಟಲಿ ತುಂಬ ಮಾಲು ಇತ್ತೋ, ಕಡಿಮಿ ಇತ್ತೋ?"

"ತುಂಬ ಇತ್ರಿ."

"ಬಣ್ಣ ಖೊಟ್ಟಿ?"

"ಇಲ್ರಿ, ಬಣ್ಣ ಪಕ್ಕಾ."

"ಜೋರು ಮಾಡಿ ಕುಡಿಸಿದನೇನು?"

"ಅವ ಅಲ್ರಿ. ಕುಡೀರಿ ಅಂತ ಓಣಿಗೆಲ್ಲ ಹೇಳಿದವ ನಾ."

ಅವನು ಲೇಖನಿ ಒರೆಸಿ ಕೆಳಗಿಟ್ಟ. "ಹಂಗಾದ್ರ ಈ ಅರ್ಜಿ ನಿನ್ನ ಮ್ಯಾಲೆ ಬರೀಬೇಕಾಗತೈತಿ. ಬರೀಲೇನು?" ಅಂದ. ಬೇಡವೆಂದು ಎದ್ದು ಬಂದೆ. ಹಾಲಿಗೆ ನೀರು ಹಾಕಿದವನನ್ನು ಊರು ಬೈಯುತ್ತಿತ್ತು. ಔಷಧಿಯೆಂದು ಬಣ್ಣ ಮಾರಿದವನನ್ನು ಏನು ಮಾಡಬೇಕೆಂದು ಆ ಕಾಲದಲ್ಲಿ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿದಿದೆಯೆಂದು ಹೇಳುತ್ತಾರೆ. ನಾನು ನೂಲು ಬಿಟ್ಟಿಲ್ಲ.

ಅರ್ಜಿಗೆ ದಾರಿ ಇರಲಿಲ್ಲ, ಆದರೆ ಬಣ್ಣಗಾರರಿಗೆ ತಮ್ಮದೇ ಒಂದು ರೂಢಿಯಿತ್ತು. ಒಂದು ಕೊಪ್ಪರಿಗೆ ಕೆಟ್ಟು, ಕೆಟ್ಟ ನೂಲು ಗೊತ್ತಾಗದೆ ಹೊರಗೆ ಹೋಗಿಬಿಟ್ಟರೆ, ಬಣ್ಣಗಾರ ಅದನ್ನು ಮಗ್ಗಕ್ಕೆ ಏರುವ ಮುಂಚೆ ತಾನೇ ಹೋಗಿ ವಾಪಸು ತರಬೇಕು. ಆಳನ್ನು ಕಳಿಸುವ ಹಾಗಿಲ್ಲ. ತಲೆಗೆ ಸುತ್ತಿದ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಹೊಸ್ತಿಲ ಹೊರಗೆ ನಿಂತು, "ನನ್ನ ಬಣ್ಣ ತಪ್ಪೈತಿ" ಅನ್ನಬೇಕು. ಮೊದಲು ಯಾರ ಕೈಗೆ ಕೊಟ್ಟಿದ್ದೆವೋ ಆ ಮನೆಯಿಂದ ಶುರು, ಕೊಟ್ಟ ಸಾಲಿನಲ್ಲೇ ಮುಂದಕ್ಕೆ. ಕೊನೆಯ ಎಳೆ ಕೈಗೆ ಬರುವವರೆಗೆ ಅನ್ನ ನೀರು ಇಲ್ಲ, ಯಾರ ಮನೆಯೊಳಗೂ ಹೆಜ್ಜೆ ಇಡುವಂತಿಲ್ಲ. ನನ್ನ ಅಪ್ಪ ಜೀವಮಾನದಲ್ಲಿ ಒಂದೇ ಸಲ ಹಾಗೆ ತಿರುಗಿದ್ದ. ತಿರುಗಿ ಬಂದಮೇಲೆ ನಮ್ಮ ಮನೆಯ ಹೆಸರು ಹೋಗಲಿಲ್ಲ, ಇನ್ನೂ ಗಟ್ಟಿಯಾಯಿತು.

ನಿಶ್ಚಯದ ಆ ಮಧ್ಯಾಹ್ನ ಊಟದ ಎಲೆಯಿಂದ ಎದ್ದವನೇ ನಾನೂ ರುಮಾಲು ಬಿಚ್ಚಿ ಹೆಗಲಿಗೆ ಹಾಕಿದೆ. ಮೊದಲು ಸಂಗಪ್ಪಜ್ಜನಿಗೇ, ಅವನ ಅಂಗಳದಲ್ಲೇ, ಬೀಗರ ಎದುರಿನಲ್ಲೇ, "ನನ್ನ ಬಣ್ಣ ತಪ್ಪೈತಿ. ಇದು ಔಷಧ ಅಲ್ಲ, ಸೆರಗಿನ ಪುಡಿ. ಬಾಟಲಿ ಕೊಡ್ರಿ" ಅಂದೆ. ಹಾವಿನ ವಿಷವಲ್ಲ ಎಂದು ತಿಳಿದು ಹುನಗುಂದದವರು ಮತ್ತೆ ಕುಳಿತರು. ಸಂಗಪ್ಪಜ್ಜ ಮಾತ್ರ ಒಪ್ಪಲಿಲ್ಲ.

"ನಿನ್ನ ಮಾತಿನ ಮ್ಯಾಲೆ ಕುಡಿದೆ. ಈಗ ನಿನ್ನ ಮಾತಿನ ಮ್ಯಾಲೇ ಬಿಡಬೇಕೇನು? ಯಾವ ಮಾತು ಖರೆ ನಿಂದು?"

"ಇದು ಖರೆ ಅಜ್ಜಾ."

"ಆವತ್ತೂ ಹಿಂಗ ಅಂದಿದ್ದಿ. ನನ್ನ ಮೊಣಕಾಲ ನೋವು ಹೋಗೈತಿ."

"ನೋವು ಹೋಗಿಲ್ಲ, ನಿನ್ನ ಹೊಟ್ಟಿನೋವಿನ ಮುಂದ ಅದು ಸುಮ್ಮನಾಗೈತಿ" ಎಂದು ಹುಸೇನಸಾಬ ನನ್ನ ಹಿಂದಿನಿಂದ ಹೇಳಿದ. ಬೀಗರು ನಕ್ಕಮೇಲೆ ಅಜ್ಜ ಬಾಟಲಿ ತರಿಸಿ ಕೊಟ್ಟ. ಹುಸೇನಸಾಬ ಉಂಡ ಕೈ ತೊಳೆದುಕೊಂಡು, ಒಂದು ಬುಟ್ಟಿ ಹಿಡಿದು, ಕರೆಯದೆಯೇ ನನ್ನ ಜೊತೆ ಹೊರಟಿದ್ದ. ಬಾಟಲಿ ಹೊರಲು ಒಬ್ಬ ಬೇಕಲ್ಲ ಎಂಬುದು ಅವನ ನೆಪ.

ನೂಲು ವಾಪಸು ತರುವುದು ಸುಲಭ, ಔಷಧಿ ವಾಪಸು ತರುವುದು ಬಹಳ ಕಷ್ಟ. ಜನ ನೂಲನ್ನು ನಂಬಿರುವುದಿಲ್ಲ. ಮೂರನೆಯ ಮನೆಯವನು ಎಲ್ಲಾ ಬಾಟಲಿ ಒಟ್ಟುಮಾಡಿ ನಾನೊಬ್ಬನೇ ಪೈಲ್ವಾನನಾಗುವ ಹಂಚಿಕೆ ಇದು ಅಂದ. ಐದನೆಯ ಮನೆಯಲ್ಲಿ ಬಾಟಲಿಯನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು, ಇಳಿಸಲು ವಾರ ನೋಡಬೇಕಂತೆ. ಅಲ್ಲಿ ಒಂದು ಗಂಟೆ ಹೋಯಿತು. ಒಬ್ಬನಿಗೆ ಲಿಂಬೆಹಣ್ಣು ಹಿಂಡಿ ನೀಲಿ ಮಾಡಿ ತೋರಿಸಿದರೆ, "ಇದು ಎರಡು ಔಷಧ ಆತಲ್ಲ" ಎಂದು ಬಾಟಲಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ನಾಗವ್ವ ಎಂಬ ನೇಕಾರಗಿತ್ತಿ ಮಾತ್ರ ಕೇಳಿದ ಕೂಡಲೇ ಖಾಲಿ ಬಾಟಲಿ ತಂದು ಕೊಟ್ಟಳು.

"ಎಲ್ಲಾ ಕುಡದಿಯೇನವ್ವ?" ಎಂದು ಗಾಬರಿಯಿಂದ ಕೇಳಿದೆ.

"ಯಾರು ಕುಡೀತಾರ ಅದನ್ನ? ಬಾಯಿಗಿಟ್ಟರ ಗೊತ್ತಾಗಲಿಲ್ಲೇನು? ಮೊಮ್ಮಗನ ಕುಂಚಿಗಿಗೆ ಹಾಕೀನಿ. ಚಲೋ ಹತ್ತೈತಿ."

ಹಗ್ಗದ ಮೇಲೆ ಕೂಸಿನ ತಲೆಗೆ ಹಾಕುವ ಆ ಕುಂಚಿಗೆ ಒಣಗುತ್ತಿತ್ತು. ನಿಜವಾಗಿಯೂ ಚೆನ್ನಾಗಿ ಹತ್ತಿತ್ತು. ಅದರ ಎದುರು ನಿಂತಾಗ ನನಗೆ ಬಹಳ ನಾಚಿಕೆಯಾಯಿತು. ಬಾಯಿಗಿಟ್ಟರೆ ಗೊತ್ತಾಗುವುದನ್ನು ನಾನು ಬಾಯಿಗೆ ಇಟ್ಟೇ ನೋಡಿರಲಿಲ್ಲ. ಕುದಿಸಿ ನೋಡಿದ್ದೆ, ತಿಕ್ಕಿ ನೋಡಿದ್ದೆ. ಅಜ್ಜ ಮಾಡುತ್ತಿದ್ದುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೆ.

ನಡುವೆ ಎರಡು ಸಲ ನಮ್ಮ ಮನೆಯ ಮುಂದೆಯೇ ಹಾಯ್ದು ಹೋದೆವು. ಒಳಗೆ ಮಗು ಅಳುವುದು ಕೇಳಿಸಿತು. ಹುಸೇನಸಾಬ ನಿಂತು, "ಮನಿಗೆ ಹೋಗಿ ಹೇಳಿ ಬಾರಲೇ" ಅಂದ. ರೂಢಿ ಮುರಿಯಬಾರದು, ಇನ್ನು ನಾಲ್ಕು ಮನೆ ಉಳಿದಿವೆ, ಎಲ್ಲಾ ಮುಗಿ‍ಸಿಯೇ ಮನೆಗೆ ಎಂದು ನಾನು ಹೇಳಿದೆ. ಹೇಳುವಾಗ ನನಗೆ ನನ್ನ ಮೇಲೇ ಗೌರವ ಬಂದಿತ್ತು. ಬಾಗಿಲಲ್ಲಿ ನಿಂತವರು, ಅಪ್ಪನಿಗೆ ತಕ್ಕ ಮಗ ಎಂದು ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಬೈಯಲು ಬಂದವರೂ ಕೈ ಮುಗಿದು ಕಳಿಸುತ್ತಿದ್ದರು. ತಪ್ಪು ಮಾಡಿದವನಿಗೆ ಇಷ್ಟು ಮರ್ಯಾದೆ ಸಿಗಬಾರದು, ತಲೆಗೆ ಏರುತ್ತದೆ.

ಹನ್ನೊಂದನೆಯ ಬಾಟಲಿ ಬುಟ್ಟಿಗೆ ಬಿದ್ದಾಗ ದೀಪ ಹಚ್ಚುವ ಹೊತ್ತು. ಹುಸೇನಸಾಬ ಬುಟ್ಟಿಯನ್ನು ತನ್ನ ಮನೆಗೆ ಒಯ್ದ. ನಾನು ನಮ್ಮ ಮನೆಯ ಮುಂದೆ ಬಂದು, ಹೊಸ್ತಿಲ ಹೊರಗೆ, ರುಮಾಲು ಹೆಗಲ ಮೇಲೆಯೇ ಇಟ್ಟುಕೊಂಡು ನಿಂತೆ. ಒಳಗೆ ನೀಲವ್ವ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿಗೆ ಬಾಟಲಿ, ಚಮಚ. ಚಮಚ ಒದ್ದೆಯಾಗಿತ್ತು, ತುಟಿಯೂ ಒದ್ದೆಯಾಗಿತ್ತು. ಸಂಜೆಯ ಎರಡು ಚಮಚವನ್ನು ಆಗತಾನೇ ಕುಡಿದಿದ್ದಳು.

"ನನ್ನ ಬಣ್ಣ ತಪ್ಪೈತಿ" ಅಂದೆ. ಹನ್ನೊಂದು ಮನೆಯಲ್ಲಿ ಗಟ್ಟಿಯಾಗಿ ಬಂದ ಮಾತನ್ನು ಇಲ್ಲಿ ಎರಡು ಸಲ ಹೇಳಬೇಕಾಯಿತು.

ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ಆದರೆ ಬಣ್ಣದ ಮನೆಯ ಸೊಸೆ, ಹೆಗಲ ಮೇಲಿನ ರುಮಾಲು ನೋಡಿದ ಕೂಡಲೇ ಅರ್ಥಮಾಡಿಕೊಂಡಳು. ಬಾಟಲಿಗೆ ಬಿರಡೆ ಹಾಕಿದಳು.

"ಎಷ್ಟು ಮನಿ ಆದುವು?"

"ಹನ್ನೊಂದು. ಇದು ಕಡೀದು."

"ಮೊದಲ ಬಾಟ್ಲಿ ಯಾರ ಕೈಯಾಗ ಕೊಟ್ಟಿದ್ರಿ?"

"ನಿನ್ನ ಕೈಯಾಗ."

"ಹಂಗಾದ್ರ ಇದು ಮೊದಲನೇ ಮನಿ ಆಗಬೇಕಿತ್ತು" ಅಂದಳು.

ಕೋಪದಿಂದ ಹೇಳಲಿಲ್ಲ. ರೂಢಿ ಹೇಳಿಕೊಟ್ಟಳು, ಅಷ್ಟೇ. ಮಧ್ಯಾಹ್ನವೇ ಬಂದಿದ್ದರೆ ಆ ಎರಡು ಚಮಚ ಅವಳ ಹೊಟ್ಟೆಗೆ ಹೋಗುತ್ತಿರಲಿಲ್ಲ. ಆ ರಾತ್ರಿ ಅವಳು ಪಟ್ಟ ಪಾಡನ್ನು ನಾನು ಹೇಳುವುದಿಲ್ಲ. ಬೆಳಿಗ್ಗೆ ಹುಸೇನಸಾಬ ಚಕ್ಕಡಿ ಕಟ್ಟಿದ. ದವಾಖಾನೆಯ ಡಾಕ್ಟರರು ಬಾಟಲಿ ಮೂಸಿ ನೋಡಿ, ಇನ್ನು ಒಂದು ವಾರ ಕುಡಿದಿದ್ದರೆ ಚಕ್ಕಡಿಯ ಕೆಲಸ ಇರುತ್ತಿರಲಿಲ್ಲ ಅಂದರು. ನುಗ್ಗೆಸೊಪ್ಪು, ಬೆಲ್ಲ, ಸಜ್ಜೆರೊಟ್ಟಿ, ದವಾಖಾನೆಯ ಬೂದುಬಣ್ಣದ ಒಂದು ಪುಡಿ. ಆರು ತಿಂಗಳು ಹಿಡಿಯಿತು. ಅವಳ ಉಗುರಿನ ಬುಡದಲ್ಲಿ ಮೊದಲ ಸಲ ತೆಳ್ಳಗೆ ಕೆಂಪು ಕಂಡ ದಿನ ನಾನು ಕೆಲಸ ಬಿಟ್ಟು ಹಿತ್ತಲಿಗೆ ಹೋಗಿ ಅತ್ತೆ. ಅಷ್ಟು ನಿಧಾನವಾಗಿ ಹತ್ತಿದ ಬಣ್ಣವನ್ನು ನಾನು ಅಜ್ಜನ ಕಾಲದ ನಂತರ ನೋಡಿರಲಿಲ್ಲ.

ಅದಾದ ಮೇಲೆ ನನ್ನ ಕೊಪ್ಪರಿಗೆ ಇನ್ನೆರಡು ಸಲ ಕೆಟ್ಟಿತು. ಎರಡು ಸಲವೂ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೊದಲು ನಮ್ಮ ಮನೆಯ ಹೊಸ್ತಿಲ ಹೊರಗೇ ಬಂದು ನಿಂತೆ. ಆ ನೂಲಿಗೂ ನೀಲವ್ವನಿಗೂ ಯಾವ ಸಂಬಂಧವೂ ಇರಲಿಲ್ಲ. ಅವಳು ರೊಟ್ಟಿ ಬಡಿಯುತ್ತ, ತಿರುಗಿಯೂ ನೋಡದೆ, "ಆತು, ಮುಂದಿನ ಮನಿಗೆ ನಡೀರಿ" ಅಂದಳು.